ಮಂಚದ ಬೆಣೆಗಳು

ನಮ್ಮ ಮನೆಯ ಕಿಟಕಿಯ ಅಂಚಿನಲ್ಲಿ ಹೆಬ್ಬೆರಳುದ್ದದ ನಾಲ್ಕು ಸಾಗುವಾನಿ ಬೆಣೆಗಳಿವೆ. ನೀವು ಬಂದರೆ ಮಕ್ಕಳ ಆಟದ ಸಾಮಾನೆಂದುಕೊಂಡೀರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಮೊಳೆ ಹೊಡೆದ ಮಂಚವನ್ನು ಇವತ್ತಿನವರೆಗೂ ಯಾರಿಗೂ ಕೊಟ್ಟವನಲ್ಲ. ಪಟ್ಟಿಯನ್ನು ಕಾಲಿಗೆ ಕೂಡಿಸಿ ಸಂದಿಗೆ ಬೆಣೆ ಬಡಿದರೆ ಆನೆ ಮಲಗಿದರೂ ಕಿರುಗುಟ್ಟದು, ಬೆಣೆ ಕಿತ್ತರೆ ಬಿಡಿಬಿಡಿಯಾಗಿ ಯಾವ ಬಾಗಿಲಲ್ಲಾದರೂ ತೂರೀತು.

ತೊಂಬತ್ತರ ದಶಕದಲ್ಲಿ, ಭದ್ರಾವತಿಯ ಗೆಳೆಯನ ಮನೆಯಲ್ಲಿ, ಬಾಡಿಗೆ ವಿಡಿಯೋದಲ್ಲೊಂದು ಇಂಗ್ಲಿಷ್ ಸಿನಿಮಾ ನೋಡಿದ್ದೆ. ವಿಚ್ಛೇದನಕ್ಕೆ ನಿಂತ ಗಂಡ ಹೆಂಡತಿ ಹಠಕ್ಕೆ ಬಿದ್ದು, ಕೊನೆಗೆ ಊಟದ ಮೇಜನ್ನೇ ಎರಡಾಳಿನ ಗರಗಸದಲ್ಲಿ ಕೊಯ್ದು ಹಂಚಿಕೊಳ್ಳುತ್ತಾರೆ. ಎರಡೆರಡು ಕಾಲಿನ ಹೋಳುಗಳು ಧೊಪ್ಪನೆ ಬೀಳುತ್ತವೆ. ಮಾತು ಅರ್ಥವಾಗದಿದ್ದರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ಕೆಲವು ವರ್ಷಗಳ ಮೇಲೆ ಅದೇ ಊರಿನಿಂದ ಕರೆ ಬಂತು. ನಾನೇ ಮದುವೆಯ ಮಂಚ ಮಾಡಿಕೊಟ್ಟಿದ್ದ ಕಾರ್ಖಾನೆಯ ರಮೇಶ, ಶಿವಮೊಗ್ಗದ ಹೊಸಮನೆಯ ಸುಮಿತ್ರ ಕೋರ್ಟಿನಲ್ಲಿ ಬೇರೆಯಾಗಿದ್ದರು. ಉಳಿದಿದ್ದು ಆ ಮಂಚದ ಜಗಳ. ಮಂಚ ಹೆಣ್ಣಿನ ಕಡೆಯಿಂದ ಬರುವುದು ವಾಡಿಕೆ, ಸರಿ. ಆದರೆ ಇದರ ಮರ ರಮೇಶನ ಅಜ್ಜನ ಮನೆಯ ಹೆಬ್ಬಾಗಿಲಿನದು.

"ಕೊಯ್ದು ಬಿಡ್ರಿ ಮೇಸ್ತ್ರಿ, ಅವಳಿಗರ್ಧ ನನಗರ್ಧ," ಎಂದ ರಮೇಶ.

"ಹೂಂ, ಕೊಯ್ರಿ. ತಲೆ ಕಡೇದು ನಂಗೆ. ಇವ್ರಿಗೆ ತಲೆ ಎಲ್ಲಿದೆ ಇಡಕ್ಕೆ!" ಎಂದಳು ಸುಮಿತ್ರ.

"ಮರ ಕೊಯ್ಯೋನು ಮಾರಾಯ ನಾನು, ಮಂಚ ಕೊಯ್ಯೋನಲ್ಲ," ಎಂದು ಬೆಣೆಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ತಲೆಯ ಕಡೆಯದು, ಕಾಲಿನ ಕಡೆಯದು ಅವಳ ಜೊತೆ ಶಿವಮೊಗ್ಗಕ್ಕೆ ಹೋದವು. ಉದ್ದದ ಪಟ್ಟಿ, ಹಲಗೆ ಅವನಲ್ಲೇ ಉಳಿದವು. ಇನ್ನೊಬ್ಬರಿಗೂ ಮಂಚವಿಲ್ಲವೆಂಬ ಸಮಾಧಾನದಲ್ಲಿ ಇಬ್ಬರೂ ಚಾಪೆ ಹಾಸಿಕೊಂಡರು.

ಆದರೆ ಸಮಾಧಾನದ ಮೇಲೆ ಎಷ್ಟು ದಿನ ಮಲಗಲಾದೀತು? ಚಳಿ ಶುರುವಾದಾಗ ಶಿವಮೊಗ್ಗದ ಸವಳಂಗ ರಸ್ತೆಯ ನನ್ನ ಅಂಗಡಿಗೆ ಮೊದಲು ಅವಳು, ಆಮೇಲೆ ಅವನು, ಒಬ್ಬರಿಗೊಬ್ಬರು ತಿಳಿಯದಂತೆ ಬಂದರು. ಇಲ್ಲದ ಅರ್ಧ ಮಾಡಿಕೊಡಬೇಕಂತೆ. ಹೊಸ ಮಾದರಿ ತೋರಿಸಿದರೆ ಇಬ್ಬರದೂ ಒಂದೇ ಮಾತು: "ಬ್ಯಾಡ, ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ." ಮಾಡಿಕೊಟ್ಟೆ. ಅರ್ಧ ಹಳತು ಅರ್ಧ ಹೊಸತಾದ ಎರಡು ಮಂಚಗಳಾದವು, ಬೆಣೆ ಎರಡಕ್ಕೂ ಹೊಸವೇ. ಹಳೆಯ ಬೆಣೆಗಳನ್ನು ಯಾರೂ ಕೇಳಲಿಲ್ಲ.

ಇತ್ತೀಚೆಗೆ ಆ ಸಿನಿಮಾ ಸಿ.ಡಿ.ಯಲ್ಲಿ ಸಿಕ್ಕಿತು, ಹೆಂಡತಿಯೊಡನೆ ನೋಡಿದೆ. ಗರಗಸ ಬಂದೊಡನೆ ನಾನು ನಗಲು ಅಣಿಯಾದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, "ನೋಡ್ರಿ, ಅವ್ನು ಎಳೆದಾಗ ಅವ್ಳು ಬಿಡ್ತಾಳೆ, ಅವ್ಳು ಎಳೆದಾಗ ಅವ್ನು ಬಿಡ್ತಾನೆ. ಇಷ್ಟು ಚೆಂದ ಒಗ್ಗಿದೋರು ಇನ್ನೇನ್ ಕೊಯ್ತಾರ್ರೀ!" ಎಂದಳು. ಅಂಥ ಗರಗಸದ ಒಂದು ತುದಿಯಲ್ಲೇ ಆಯುಸ್ಸು ಕಳೆದ ನನಗದು ಹೊಳೆದಿರಲಿಲ್ಲ. ಮೇಜು ಬಿತ್ತು, ಈ ಸಲ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಮೊನ್ನೆ ಗಾಳಿಗೆ ಕಿಟಕಿ ಬಡಿಯುತ್ತದೆಂದು ಅವಳು ಆ ಬೆಣೆಗಳಲ್ಲೊಂದನ್ನು ಸಿಕ್ಕಿಸಹೋದಳು. ತಡೆದು, ಬೇರೊಂದು ಕೆತ್ತಿಕೊಟ್ಟೆ. ಅವು ನಾಲ್ಕೂ ಒಟ್ಟಿಗಿರಲಿ. ಅವು ಕೂರಬೇಕಾದ ಸಂದು ಈಗ ಅರ್ಧ ಶಿವಮೊಗ್ಗದಲ್ಲಿದೆ, ಅರ್ಧ ಭದ್ರಾವತಿಯಲ್ಲಿ.