ದಾನಿಯ ಹೆಸರಿಗೊಂದು ಜಾಗ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಮುಂಬೈಯ ಚೆಂಬೂರಿನ ನಾವು ಏಳು ಮನೆಯವರು ಸೇರಿ ಒಂದು ಟ್ರಸ್ಟ್ ಮಾಡಿದೆವು. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲೆಂದು 80ಜಿ ಸರ್ಟಿಫಿಕೇಟಿಗೆ ಆಫೀಸು ಆಫೀಸು ಅಲೆದು ಚಪ್ಪಲಿ ಸವೆಸಿದವಳು ನಾನು. ಕೊನೆಗೂ ಸಿಕ್ಕಿದ್ದೇ ತಡ, ಹೋಟೆಲ್ ನಡೆಸುವ ಶೆಟ್ಟರ ಬಳಿ ಓಡಿದೆ.

ಅವರು ಅದನ್ನು ನೋಡಲೂ ಇಲ್ಲ. "ಅದೆಲ್ಲ ಇರ್ಲಿ ಮಾರಾಯ್ರೆ, ನಮ್ಮ ಅಪ್ಪನ ಹೆಸರು ಎಲ್ಲಿ ಬರೆಸ್ತೀರಿ?"

"ನಮಗೆ ಕಟ್ಟಡವೇ ಇಲ್ಲ ಶೆಟ್ರೇ. ನಮ್ಮ ಮನೆ ಹಾಲಿನಲ್ಲೇ ಪಾಠ."

"ಹಾಲಿಗೆ ಫ್ಯಾನ್ ಉಂಟಲ್ಲ?"

"ಉಂಟು, ಚೆನ್ನಾಗೇ ತಿರುಗ್ತದೆ. ನಮಗೆ ಬೇಕಾದ್ದು ಪುಸ್ತಕ."

"ಪುಸ್ತಕಕ್ಕೂ ಕೊಡುವ. ಮೊದಲು ಫ್ಯಾನ್."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮರುದಿನವೇ ನಮ್ಮ ಒಳ್ಳೆಯ ಫ್ಯಾನು ಇಳಿಯಿತು; ಮೂರು ರೆಕ್ಕೆಗಳ ಮೇಲೂ ಕೆಂಪಕ್ಷರದಲ್ಲಿ ಅವರಪ್ಪನ ಹೆಸರಿದ್ದ ಫ್ಯಾನು ಏರಿತು. ಪುಸ್ತಕದ ಚೆಕ್ಕೂ ಬಂತು, ಸುಳ್ಳು ಹೇಳಬಾರದು. ಆದರೆ ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲವಲ್ಲ! ಹಾಗಾಗಿ ಶೆಟ್ಟರು ಮಕ್ಕಳನ್ನು ನೋಡಲು ಬಂದಾಗಲೆಲ್ಲ, ಮೇ ತಿಂಗಳ ಸೆಕೆಯಲ್ಲೂ, ಸ್ವಿಚ್ ಆರಿಸಿ ಕೂರುತ್ತೇವೆ. ಅವರು ಬೆವರೊರೆಸಿಕೊಂಡು ಮೇಲೆ ನೋಡಿ, "ಗಾಳಿ ಒಳ್ಳೆದು ಬರ್ತದಲ್ಲ?" ಅಂತಾರೆ.