ಗಂಗುಬಾಯಿ ಹಿಡಿದ ಕೈ

ವಿಜೇತಾ ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ಉಡುಪಿ ಕಡೆಯ ತಂದೆ ಅಲ್ಲೊಂದು ಹೋಟೆಲು ನಡೆಸುತ್ತಿದ್ದರು. ಅವಳಿಗೆ ಬರುವ ಕನ್ನಡವೆಲ್ಲ ಮನೆಯೊಳಗೆ ಕಲಿತದ್ದು. ವಾಸ್ತುಶಿಲ್ಪ ಓದಲು ಮುಂಬಯಿಗೆ ಬಂದವಳು ಕಾಲೇಜು, ಹಾಸ್ಟೆಲು ಬಿಟ್ಟು ಬೇರೇನೂ ನೋಡಿರಲಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ ಒಬ್ಬಳೇ ಹೊರಟಳು. ಮರದ ಮೆಟ್ಟಿಲಿನ ಹಳೆಯ ಚಾಳುಗಳನ್ನು, ಆ ವಠಾರದಂಥ ಕಟ್ಟಡಗಳನ್ನು, ಕಣ್ಣಾರೆ ನೋಡುವ ಆಸೆಯಿಂದ ಬೈಕುಲ್ಲಾದಲ್ಲಿ ಇಳಿದಳು.

ಒಂದು ಚಾಳಿನ ಮೇಲ್ಮಹಡಿಯಲ್ಲಿ ಕಟಕಟೆಯ ಕೆತ್ತನೆಯ ಫೋಟೊ ತೆಗೆಯುತ್ತಿದ್ದಾಗ, ಪಕ್ಕದ ಕಿಟಕಿಯ ಸರಳುಗಳ ಹಿಂದಿನಿಂದ ಮುದುಕಿಯೊಬ್ಬಳು ಹಿಂದಿಯಲ್ಲಿ ಏನೋ ಕೇಳಿದಳು. ವಿಜೇತಾ ತಡವರಿಸಿದ್ದನ್ನು ಕಂಡು, ‘ಇದಕ್ಕ ಮಾತೇ ಬರಂಗಿಲ್ಲ’ ಎಂದು ತನ್ನಷ್ಟಕ್ಕೆ ಗೊಣಗಿದಳು.

‘ಕನ್ನಡ ಬರ್ತದೆ ಅಜ್ಜಿ!’

ಮುದುಕಿಯ ಮುಖ ಅರಳಿತು. ಊರು, ಅಪ್ಪ, ಊಟ ಎಲ್ಲ ವಿಚಾರಿಸಿದಳು. ಹೆಸರು ಗಂಗುಬಾಯಿಯಂತೆ, ಕಲಬುರಗಿ ಕಡೆಯವಳಂತೆ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು.

‘ಮಗ ಕೀಲಿ ಜಡದು ಮಾರ್ಕೆಟಿಗಿ ಹೋಗ್ಯಾನ ನೋಡವ್ವಾ, ದನ ಕಟ್ಟಿದಂಗ. ಕೆಳಗ ಒಂದೀಟು ಗಾಳಿ ತಗೊಂಡು ಬರ್ತೀನಿ, ತೆಗಿ. ಕೀಲಿಕೈ ಅಲ್ಲೇ ಮ್ಯಾಲಿನ ಮೊಳಿಗಿ ಅದ.’

ಹೆತ್ತವಳನ್ನು ಹೀಗೆ ಕೂಡಿಹಾಕುವವನು ಎಂಥ ಮಗ ಎಂದುಕೊಂಡು ವಿಜೇತಾ ಬೀಗ ತೆಗೆದೇಬಿಟ್ಟಳು.

ಮೆಟ್ಟಿಲಿಳಿಯುವಾಗ ಗಂಗುಬಾಯಿ ಅವಳ ಮುಂಗೈ ಹಿಡಿದುಕೊಂಡಳು. ಬೀದಿಗೆ ಬಂದದ್ದೇ ತಡ, ಮುದುಕಿಯ ನಡಿಗೆ ಬಿರುಸಾಯಿತು. ‘ಅಜ್ಜಿ, ಎಲ್ಲಿಗೆ ಹೋಗುವುದು?’ ಎಂದರೆ, ‘ಅಕ್ಕ ಕಾಯಾಕತ್ಯಾಳ’ ಎನ್ನುವುದೊಂದೇ ಉತ್ತರ. ಕೈಗಾಡಿಗಳ ಸಂದಿಯಲ್ಲಿ ನುಗ್ಗಿ, ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು, ನಿಂತಿದ್ದ ಲೋಕಲ್ಲಿನ ಹೆಂಗಸರ ಡಬ್ಬಿ ಹತ್ತಿಯೇಬಿಟ್ಟಳು. ಹಿಡಿದ ಕೈಯ ಜೊತೆ ವಿಜೇತಾಳೂ ಒಳಗೆ ಹೋದಳು.

ಪ್ರತಿ ಸ್ಟೇಷನ್ನಿನಲ್ಲೂ ಜನ ಹತ್ತಿ ಇಬ್ಬರನ್ನೂ ಒಳಕ್ಕೆ ಒತ್ತಿದರು. ಬಾಗಿಲು ಎಲ್ಲಿದೆಯೆಂದೇ ಕಾಣದಾಯಿತು. ಆಗ ಗಂಗುಬಾಯಿ ಅವಳನ್ನು ದಿಟ್ಟಿಸಿ ಕೇಳಿದಳು: ‘ಯಾರವ್ವಾ ನೀ? ನನ್ನ ಎಲ್ಲಿಗಿ ಒಯ್ಯಾಕತ್ತೀ?’

ಮುದುಕಿ ದೊಡ್ಡ ದನಿ ತೆಗೆದು ಅಳತೊಡಗಿದಳು. ಇವಳು ನಿನಗೇನಾಗಬೇಕು, ಎಲ್ಲಿಗೆ ಎಳೆದೊಯ್ಯುತ್ತಿದ್ದೀ ಎಂದು ಸುತ್ತಲಿನ ಹೆಂಗಸರು ಹಿಂದಿಯಲ್ಲಿ ದಬಾಯಿಸಿದರು. ಏನು ಹೇಳುವುದು? ಮಗನ ಹೆಸರು ಗೊತ್ತಿಲ್ಲ, ಫೋನ್ ನಂಬರಿಲ್ಲ. ಬಿಟ್ಟು ಇಳಿದುಹೋಗಲೇ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಆದರೆ ಅವಳನ್ನು ಕಂಡು ಅಳುತ್ತಿದ್ದ ಮುದುಕಿಯೇ ಉಗುರು ನಾಟುವಂತೆ ಅವಳ ಮುಂಗೈ ಹಿಡಿದಿದ್ದಳು.

ಘಾಟ್ಕೋಪರ್‌ನಲ್ಲಿ ಇಳಿಯುವವರ ಗುಂಪು ಇಬ್ಬರನ್ನೂ ಪ್ಲಾಟ್‌ಫಾರ್ಮಿಗೆ ತಳ್ಳಿತು. ಗಂಗುಬಾಯಿ ಸೀರೆಯಲ್ಲೇ ಒದ್ದೆ ಮಾಡಿಕೊಂಡಿದ್ದಳು. ವಿಜೇತಾ ತನ್ನ ದುಪಟ್ಟಾ ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದಳು.

‘ಮನೆಗೆ ಹೋಗುವ, ಅಜ್ಜಿ.’

‘ಹೂಂ, ಅಕ್ಕನ ಮನಿಗಿ.’

‘ಹೌದು, ಅಲ್ಲಿಗೇ,’ ಎಂದು ಸುಳ್ಳು ಹೇಳಿ ವಾಪಸು ರೈಲು ಹತ್ತಿಸಿದಳು.

ಚಾಳಿನ ಕೆಳಗೆ ಜನ ಸೇರಿದ್ದರು. ಮಧ್ಯಾಹ್ನದ ಊಟ ಕೊಡಲು ಬಂದು ತೆರೆದ ಬಾಗಿಲು ಕಂಡಿದ್ದ ಪಕ್ಕದ ಮನೆಯ, ಅದೇ ಕಲಬುರಗಿ ಕಡೆಯ ಹಸೀನಾ, ಅಜ್ಜಿಯೊಡನೆ ವಿಜೇತಾ ಆಡಿದ ಕನ್ನಡ ಕೇಳಿ ಎಲ್ಲರಿಗಿಂತ ಮೊದಲು ಮೇಲೆ ಬಿದ್ದಳು. ‘ಯಾರ್ನ ಕೇಳಿ ಕೀಲಿ ತೆಗದಿ? ಹ್ವಾದ ವರ್ಷ ಹಿಂಗೇ ಹೋಗಿ ರೈಲು ಹಳಿ ಮ್ಯಾಲ ಕುಂತಿತ್ತು ಮುದುಕಿ. ಗೊತ್ತದ ಏನ್ ನಿನಗ?’

ಮಗ ಯಲ್ಲಾಲಿಂಗ ತರಕಾರಿ ಮಾರ್ಕೆಟಿನಿಂದ ಓಡಿ ಬಂದಿದ್ದ. ಅವನು ಬೈಯಲಿಲ್ಲ. ‘ಅಕ್ಕ ಅಕ್ಕ ಅಂತಾಳ. ಆಕಿ ತೀರಿಹೋಗಿ ಎಷ್ಟೋ ವರ್ಷ ಆತು,’ ಎಂದ. ‘ಕೀಲಿ ಹಾಕೋದು ನನಗೇನು ಹೌಸಿ ಏನ್ರೀ? ಹಾಕಿ ಹೋದ್ರ ಎದಿ ಒಡೀತದ. ಹಾಕದಿದ್ರ ಕೂಲಿಗಿ ಹೋಗಾಕ ಆಗಂಗಿಲ್ಲ.’



ಮೇಲೆ ಕರೆದೊಯ್ದು ಹಸೀನಾ ಹೇಗೋ ಸೀರೆ ಬದಲಿಸಿದಳು. ಗಂಗುಬಾಯಿ ಮಾತ್ರ ಹಿಡಿದ ವಿಜೇತಾಳ ಕೈ ಬಿಡಲೊಲ್ಲಳು. ಬಿಡಿಸಲು ಹೋದರೆ ಚೀರುತ್ತಾಳೆ. ಮಾರ್ಕೆಟಿನಲ್ಲಿ ಯಲ್ಲಾಲಿಂಗ ಮೂಟೆ ಇಳಿಸುತ್ತಿದ್ದ ಲಾರಿ ಅರ್ಧ ಖಾಲಿಯಾಗಿ ನಿಂತಿತ್ತು. ಹಸೀನಾಳಿಗೆ ಇನ್ನೂ ಕೆಲವು ಮನೆಗಳ ಪಾತ್ರೆ ತೊಳೆಯುವುದು ಬಾಕಿ. ಇಬ್ಬರೂ ಹೊಸ್ತಿಲಲ್ಲಿ ಮುಖ ಮುಖ ನೋಡಿಕೊಂಡರು.

‘ನಾನು ಕೂತುಕೊಳ್ತೇನೆ,’ ಎಂದಳು ವಿಜೇತಾ.

‘ಕೀಲಿ ಹಾಕಬೇಕಾಗತದ್ರೀ,’ ಎಂದ ಯಲ್ಲಾಲಿಂಗ ನೆಲ ನೋಡುತ್ತ. ‘ಒಳಗಿನ ಚಿಲಕ ತೆಗೀತಾಳ. ನಿಮ್ಮ ಕೈಲೆ ತಡಿಯಾಕ ಆಗಂಗಿಲ್ಲ.’

ಅವಳು ತಲೆಯಾಡಿಸಿದಳು. ಹೊರಗೆ ಬೀಗ ಬಿತ್ತು. ಒಂದು ಮಂಚ, ಒಂದು ಒಲೆ, ಮೂಲೆಯಲ್ಲಿ ಬಚ್ಚಲು. ಕಿಟಕಿಯಾಚೆ ಎದುರಿನ ಕಟ್ಟಡದ ಪಾಚಿ ಹಿಡಿದ ಗೋಡೆ. ಗಂಗುಬಾಯಿ ಈಗ ಅವಳನ್ನೇ ಅಕ್ಕ ಎಂದು ಕರೆಯುತ್ತ ಯಾವುದೋ ಹೊಲದ, ಯಾವುದೋ ಬಾವಿಯ ಮಾತಾಡಿದಳು. ಅರ್ಧ ಅರ್ಥವಾಗದೆ ವಿಜೇತಾ ಹೂಂಗುಟ್ಟಿದಳು. ಮುದುಕಿಗೆ ನಿದ್ದೆ ಹತ್ತಿದರೂ ಹಿಡಿತ ಸಡಿಲಲಿಲ್ಲ. ವಿಜೇತಾಳಿಗೆ ಬಾಯಾರಿತು, ಏಳುವಂತಿರಲಿಲ್ಲ. ತಾನು ಒಳಗಿರುವುದನ್ನೇ ಅವರು ಮರೆತರೆ ಎಂಬ ಹೆದರಿಕೆ ಹೊಕ್ಕು ಕಣ್ಣಲ್ಲಿ ನೀರು ಬಂತು. ಗಂಗುಬಾಯಿಗೆ ದಿನಾ ಹೀಗೇ ಅನಿಸುತ್ತದೇನೋ ಎಂದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಹಸೀನಾ ಬಂದು ಬೀಗ ತೆಗೆದಳು. ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ನಡುವೆ ತನ್ನ ಕೈ ಇಟ್ಟಳು.

‘ಸದ್ದು ಮಾಡಬ್ಯಾಡ, ಹೋಗು,’ ಎಂದು ಪಿಸುಗುಟ್ಟಿದಳು. ‘ಯಲ್ಲಾಲಿಂಗ ಬರೂ ಹೊತ್ತಾತು. ಹೊರಗ ಚಿಲಕ ಹಾಕಿ ಹೋಗು.’

ವಿಜೇತಾ ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದಳು. ಬಾಗಿಲು ಎಳೆದು, ತಾನೇ ಚಿಲಕ ಹಾಕಿ, ಮೆಟ್ಟಿಲಿಳಿದಳು.