ಹನ್ನೊಂದು ಸೆಕೆಂಡಿನ ಬೆನ್ನು

ಸೆತ್ತಿಮಿಯೊ ಎಂದರೆ ಏಳನೆಯವನು. ಸಿಸಿಲಿಯ ಹಳ್ಳಿಯಲ್ಲಿ ಅವನ ಅಪ್ಪ ಮಕ್ಕಳಿಗೆ ಸಂತರ ಹೆಸರಿಟ್ಟು ಇಟ್ಟು ಸುಸ್ತಾಗಿ, ಏಳನೆಯದರ ಹೊತ್ತಿಗೆ ಎಣಿಕೆಗೆ ಇಳಿದಿದ್ದ. ಎಂಟನೆಯವನಿಗೆ ಮಾತ್ರ ಅಮ್ಮ ಹಟ ಹಿಡಿದು ನುನ್ಸಿಯೊ ಎಂಬ ಸರಿಯಾದ ಹೆಸರು ಇಡಿಸಿದಳು. ನನಗೆ ನಂಬರು, ಅವನಿಗೆ ಹೆಸರು ಎಂದು ಸೆತ್ತಿಮಿಯೊ ಗೊಣಗುತ್ತಿದ್ದ. ಗೊಣಗಿದರೂ ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಬ್ರೂಕ್ಲಿನ್‌ಗೆ ಬಂದರು, ಒಂದೇ ಕೋಣೆಯಲ್ಲಿ ಮಲಗಿದರು, ಹದಿನೆಂಟನೇ ಅವೆನ್ಯೂದಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ ಹಾಕಿದರು. ಬಲಗಡೆಯ ಕುರ್ಚಿ ಅಣ್ಣನದು, ಎಡಗಡೆಯದು ತಮ್ಮನದು.

ಎಪ್ಪತ್ತೊಂದನೇ ಇಸವಿಯಲ್ಲಿ ಸಿನಿಮಾದವರು ಬಂದರು. ಇವತ್ತು ನಮ್ಮ ಅವೆನ್ಯೂದಲ್ಲಿ ಆ ಗ್ಯಾಂಗ್‌ಸ್ಟರ್ ಚಿತ್ರದ ಮಾತುಗಳನ್ನು ಬಾಯಿಪಾಠ ಒಪ್ಪಿಸದ ಮಾಂಸದಂಗಡಿಯವನಿಲ್ಲ, ಆದರೆ ಆಗ ಅದು ಯಾರಿಗೂ ಗೊತ್ತಿಲ್ಲದ ಬಡಪಾಯಿ ಚಿತ್ರ. ಅವರಿಗೆ ನಿಜವಾದ ಕ್ಷೌರಿಕನ ಕೈ ಬೇಕಿತ್ತು. ಮೂರು ದಿನ ಅಂಗಡಿಯಲ್ಲಿ ದೀಪ ಹೊತ್ತಿಸಿ, ಒಮ್ಮೆ ಅಣ್ಣನನ್ನು, ಒಮ್ಮೆ ತಮ್ಮನನ್ನು ಕುರ್ಚಿಯ ಹಿಂದೆ ನಿಲ್ಲಿಸಿ, ತಿರುಗಿಸಿ, ಮತ್ತೆ ನಿಲ್ಲಿಸಿ, ಕೊನೆಗೆ ಡಬ್ಬಗಳನ್ನು ಗಾಡಿಗೆ ತುಂಬಿಕೊಂಡು ಹೋದರು. ಚಿತ್ರ ಬಂದಾಗ ನೋಡಿದರೆ ಉಳಿದದ್ದು ಹನ್ನೊಂದು ಸೆಕೆಂಡು. ದೊಡ್ಡ ಮನುಷ್ಯನೊಬ್ಬ ಮುಖದ ಮೇಲೆ ಬಿಸಿ ಟವೆಲು ಹಾಕಿಕೊಂಡು ಮಲಗಿದ್ದಾನೆ. ಬಿಳಿ ಕೋಟಿನ ಒಂದು ಬೆನ್ನು, ಕತ್ತಿ ಮಸೆಯುವ ಎರಡು ಕೈ. ಕನ್ನಡಿಯ ತುಂಬ ಹಬೆ. ಆಮೇಲೆ ಗುಂಡಿನ ಸದ್ದು.

ಆ ಬೆನ್ನು ನನ್ನದು ಎಂದು ಸೆತ್ತಿಮಿಯೊ ಒಂದು ನಾಮಕರಣದ ಊಟದಲ್ಲಿ ಹೇಳಿದ. ನನ್ನದು ಎಂದು ನುನ್ಸಿಯೊ ಹೇಳಿದ. ಮೊದಮೊದಲು ತಮಾಷೆಯೇ. ಸೆತ್ತಿಮಿಯೊ ಆ ದೃಶ್ಯದ ಫೋಟೋಕ್ಕೆ ಕಟ್ಟು ಹಾಕಿಸಿ, ಕೆಳಗೆ ತನ್ನ ಹೆಸರು ಬರೆಸಿ, ಅಂಗಡಿಯಲ್ಲಿ ತೂಗುಹಾಕಿದ ದಿನ ತಮಾಷೆ ಮುಗಿಯಿತು. ಮಾರನೆಯ ಬೆಳಿಗ್ಗೆ ನುನ್ಸಿಯೊ ಎಡಗಡೆಯ ಕುರ್ಚಿಯ ಬೋಲ್ಟು ಬಿಚ್ಚಿ ತಳ್ಳುಗಾಡಿಯ ಮೇಲೆ ಹೇರಿಕೊಂಡು ಹೋದ. ನಾಲ್ಕು ಬೀದಿ ಆಚೆ ಬೇರೆ ಅಂಗಡಿ, ಗೋಡೆಯ ಮೇಲೆ ಅದೇ ಫೋಟೋ, ಕೆಳಗೆ ಅವನ ಹೆಸರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಎರಡು ಜನ ಇದ್ದರೆ ಮೊಲದ ಗತಿ ಏನಾಗಬೇಕು? ಮೂವತ್ತೈದು ವರ್ಷ ಮಾತಿಲ್ಲ. ಚರ್ಚಿನಲ್ಲಿ ಪಾದ್ರಿ ಒಬ್ಬರಿಗೊಬ್ಬರು ಶಾಂತಿ ಹೇಳಿಕೊಳ್ಳಿ ಅಂದಾಗ ನುನ್ಸಿಯೊ ಪಕ್ಕದ ಕಂಬದ ಕಡೆ ತಿರುಗುತ್ತಿದ್ದ. ಹೇಳಲೇಬೇಕಾದದ್ದು ಇದ್ದರೆ ಸೆತ್ತಿಮಿಯೊನ ಹೆಂಡತಿ ಕ್ರೋಚಿಫಿಸ್ಸಾಳ ಮೂಲಕ. ‘ಅವನಿಗೆ ಹೇಳು, ಅಕ್ಕನ ತಿಥಿ ಗುರುವಾರ.’ ‘ಅವನಿಗೆ ಹೇಳು, ನನಗೆ ಗೊತ್ತಿದೆ.’ ನಮ್ಮಲ್ಲಿ ಜಗಳವಾಡಿದವರು ಹೀಗೇ. ಪ್ರತಿ ಮನೆಯಲ್ಲೂ ಇಂಥ ಒಬ್ಬ ಅಂಚೆಯವಳು ಇರುತ್ತಾಳೆ.

ಒಂದು ನಿಜವನ್ನು ಹೇಳಿಬಿಡಬೇಕು. ಆ ಬೆನ್ನು ಯಾರದೆಂದು ಸೆತ್ತಿಮಿಯೊನಿಗೆ ಗೊತ್ತಿರಲಿಲ್ಲ. ಮೊದಲ ವರ್ಷ ಗೊತ್ತಿತ್ತು ಅಂತ ಅವನ ನಂಬಿಕೆ. ಆಮೇಲೆ ಆ ಚಿತ್ರವನ್ನು ಅರವತ್ತು ಸಲ ನೋಡಿದ, ನೋಡಿದಷ್ಟೂ ಕಲಸಿಹೋಯಿತು. ಒಂದು ಸಲ ಭುಜ ತನ್ನದು, ಇನ್ನೊಂದು ಸಲ ಹೆಬ್ಬೆರಳು ತಮ್ಮನದು. ಒಂದೇ ಅಪ್ಪನ ಹತ್ತಿರ ಕತ್ತಿ ಹಿಡಿಯಲು ಕಲಿತ ಕೈಗಳಲ್ಲವೇ? ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಪಾಪನಿವೇದನೆಯಲ್ಲಿ ಪಾದ್ರಿಗೂ ಹೇಳಿರಲಿಲ್ಲ. ತನ್ನದಲ್ಲದ ಬೆನ್ನಿಗಾಗಿ ತಮ್ಮನನ್ನು ಕಳೆದುಕೊಂಡೆನೇನೋ ಎಂಬ ಭಯ ಎಪ್ಪತ್ತಾರನೇ ವಯಸ್ಸಿನಲ್ಲಿ ಅವನನ್ನು ತಿನ್ನುತ್ತಿತ್ತು.

ಆಗ ಮೊಮ್ಮಗಳು ಲೊರೆದಾನಾ ಗೇಮ್ ತಂದಳು. ಅವಳು ಶಾಲೆಯ ಬಸ್ಸು ಓಡಿಸುವವಳು. ವಾರವಿಡೀ ಕಿರುಚುವ ಮಕ್ಕಳನ್ನು ಹೊತ್ತು, ಭಾನುವಾರ ಅಜ್ಜಿಯ ಮನೆಯಲ್ಲಿ ಊಟ ಮಾಡಿ ಗೇಮ್ ಆಡಿದರೆ ಅವಳಿಗೆ ಸಮಾಧಾನ. ಅಜ್ಜನನ್ನು ಅವಳು ನೊನ್ನೊ ಅನ್ನುತ್ತಿದ್ದಳು. “ನೊನ್ನೊ, ನಿನ್ನ ಸಿನಿಮಾನ ಗೇಮ್ ಮಾಡಿದಾರೆ. ಕ್ಷೌರದಂಗಡಿನೂ ಇದೆಯಂತೆ. ಇದ್ರಲ್ಲಿ ಬೆನ್ನು ಮಾತ್ರ ಅಲ್ಲ, ಸುತ್ತು ಹಾಕಿ ಮುಖ ನೋಡ್ಬಹುದು. ಹಳೇ ರೀಲುಗಳನ್ನೆಲ್ಲ ತರಿಸಿಕೊಂಡು ಮಾಡಿದ್ದು ಅಂತ ಡಬ್ಬದ ಮೇಲೆ ಬರ್ದಿದೆ.”

ಸೆತ್ತಿಮಿಯೊ ಫೋರ್ಕು ಕೆಳಗಿಟ್ಟ. “ಸುತ್ತು ಹಾಕಿ?”

“ಹೂಂ. ಆದ್ರೆ ಅಲ್ಲಿಗೆ ತಲುಪೋಕೆ ಮುಂಚೆ ಬೇಕಾದಷ್ಟು ಜನರನ್ನ ಹೊಡೀಬೇಕು. ನಾನು ಆಡ್ತೀನಿ, ನೀನು ನೋಡು.”

“ನಾನೇ ಆಡ್ತೀನಿ,” ಅಂದ ಸೆತ್ತಿಮಿಯೊ. ಈ ವಿಚಾರದಲ್ಲಿ ಬೇರೆಯವರ ಕೈ ಅವನಿಗೆ ಬೇಡವಾಗಿತ್ತು.

ಸುದ್ದಿ ನಾಲ್ಕು ಬೀದಿ ದಾಟಲು ಒಂದು ಮಧ್ಯಾಹ್ನ ಸಾಕಾಯಿತು. ಕ್ರೋಚಿಫಿಸ್ಸಾ ಉತ್ತರ ತಂದಳು. “ಅವನು ಹೇಳಿದ, ಅಂಗಡಿ ತಲುಪಿದ ದಿನ ಹೇಳಿ ಕಳಿಸಬೇಕಂತೆ. ಬರ್ತಾನಂತೆ.”

ಈಗ ಶುರುವಾಯಿತು ಫಜೀತಿ. ಕೈಯಲ್ಲಿ ಹಿಡಿಯುವ ಆ ಯಂತ್ರದಲ್ಲಿ ಎರಡು ಗುಬಟುಗಳು, ಒಂದು ಕಾಲಿಗೆ, ಒಂದು ಕಣ್ಣಿಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಪರದೆಯೊಳಗಿನ ಅವನ ಮನುಷ್ಯ ಆಕಾಶ ನೋಡುತ್ತಾ ಗೋಡೆಗೆ ಹಾಯುತ್ತಿದ್ದ. ನಡೆಯಲು ಎರಡು ಭಾನುವಾರ ಹಿಡಿಯಿತು. ನಡೆಯಲು ಬಂದ ಮೇಲೆ ಇನ್ನೂ ದೊಡ್ಡ ಗೊಂದಲ. ರೊಟ್ಟಿಯಂಗಡಿಗೆ ಹೋಗು ಎಂದು ಗೇಮ್ ಹೇಳಿತು. ಸೆತ್ತಿಮಿಯೊ ಹೋದ. ಅಂಗಡಿಯವನು ಹಿರಿಯ. ನಮ್ಮವನು ಹಿರಿಯರನ್ನು ಕಂಡರೆ ಹತ್ತಿರ ಹೋಗಿ, ಭುಜ ಹಿಡಿದು, ಎರಡೂ ಕೆನ್ನೆಗೆ ಮುತ್ತಿಟ್ಟು, ಆಮೇಲೆ ತಾನೇ ವ್ಯವಹಾರ? ಎರಡು ಗುಬಟನ್ನೂ ಒಟ್ಟಿಗೆ ಮುಂದಕ್ಕೆ ಒತ್ತಿದರೆ ಕೈ ಚಾಚುತ್ತದೆಂದು ಅವನು ಕಂಡುಕೊಂಡಿದ್ದ. ಒತ್ತಿದ. ಅವನ ಮನುಷ್ಯ ಅಂಗಡಿಯವನ ಕುತ್ತಿಗೆಪಟ್ಟಿ ಹಿಡಿದು ಎತ್ತಿದ.

“ಬಿಡು, ಬಿಡು ನೊನ್ನೊ! ಯಾಕೆ ಹಿಡಿದೆ?”

“ಮುತ್ತು ಕೊಡ್ತಿದೀನಿ!”

“ಅದು ಕೊಲ್ಲೋ ಗುಂಡಿ!”

“ಹಾಗಾದ್ರೆ ಮುತ್ತಿನ ಗುಂಡಿ ಯಾವುದು?”

“ಇಲ್ಲ.”

“ಇಲ್ವಾ? ನಮ್ಮೋರ ಮೇಲೆ ಗೇಮ್ ಮಾಡಿ ಮುತ್ತಿನ ಗುಂಡಿ ಇಟ್ಟಿಲ್ವಾ?” ಸೆತ್ತಿಮಿಯೊನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅಭ್ಯಾಸಬಲ ಬಿಡುತ್ತದೆಯೇ? ಹೂವಿನವಳನ್ನು ಹಿಡಿದ, ಶವಪೆಟ್ಟಿಗೆಯವನನ್ನು ಹಿಡಿದ, ಕೊನೆಗೆ ತನ್ನದೇ ಗುಂಪಿನ ಯಜಮಾನನನ್ನು ಗೌರವದಿಂದ ಹಿಡಿದ. ಆರು ಜನ ಅಂಗರಕ್ಷಕರು ಅವನನ್ನು ಅಲ್ಲೇ ಮುಗಿಸಿದರು. ಚರ್ಚಿನ ಮುಂದೆ ಹೋಗುವಾಗ ಶಿಲುಬೆಯ ಗುರುತು ಮಾಡಲು ಯಂತ್ರವನ್ನು ತೊಡೆಯ ಮೇಲಿಟ್ಟು ಕೈ ಬಿಡಿಸಿಕೊಳ್ಳುತ್ತಿದ್ದ. ಆ ಹೊತ್ತಿಗೆ ಯಾರಾದರೂ ಬಂದು ಗುಂಡು ಹಾರಿಸಿರುತ್ತಿದ್ದರು.

“ದೇವರ ಭಯ ಇದ್ದೋನು ಇಲ್ಲಿ ಬದುಕೋ ಹಾಗಿಲ್ಲ,” ಅಂದಳು ಹೆಣೆಯುತ್ತಾ ಕೂತಿದ್ದ ಕ್ರೋಚಿಫಿಸ್ಸಾ. “ಮೂವತ್ತೈದು ವರ್ಷ ತಮ್ಮನಿಗೆ ಬೆನ್ನು ತಿರುಗಿಸಿದೋನಿಗೆ ರೊಟ್ಟಿಯಂಗಡಿಯೋನ ಮೇಲೆ ಎಷ್ಟು ಪ್ರೀತಿ ನೋಡು.”

ಆರನೆಯ ಭಾನುವಾರ ಪರದೆಯ ಮೇಲೆ ಪರಿಚಿತವಾದ ಬಾಗಿಲು ಕಾಣಿಸಿತು. ಸೆತ್ತಿಮಿಯೊ ಆಟ ನಿಲ್ಲಿಸಿದ. “ಹೇಳಿ ಕಳಿಸು,” ಅಂದ ಹೆಂಡತಿಗೆ.

ನುನ್ಸಿಯೊ ಬಂದ. ಬರಿಗೈಯಲ್ಲಿ ಬರುವ ಜನ ನಾವಲ್ಲ. ದಾರ ಕಟ್ಟಿದ ಸಿಹಿತಿಂಡಿಯ ಬಿಳಿ ಡಬ್ಬವನ್ನು ಕ್ರೋಚಿಫಿಸ್ಸಾಳ ಕೈಗಿತ್ತ. ಊರುಗೋಲು ಹಿಡಿದಿದ್ದ. ಲೊರೆದಾನಾ ಅವನ ಮೊಣಕೈ ಹಿಡಿದು ತಂದು ಸೋಫಾದಲ್ಲಿ, ಅಣ್ಣನ ಪಕ್ಕದಲ್ಲೇ ಕೂರಿಸಿದಳು. ಬೇರೆ ಜಾಗ ಇರಲಿಲ್ಲ. ನುನ್ಸಿಯೊನ ತುಟಿಯ ಮೇಲೆ ಯಾವಾಗಲೂ ಇದ್ದ ದಪ್ಪ ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು.

“ಅವನಿಗೆ ಹೇಳು, ಶುರು ಮಾಡ್ಲಿ,” ಅಂದ ನುನ್ಸಿಯೊ.

“ಅವನಿಗೆ ಹೇಳು, ಶುರು ಮಾಡ್ತಿದೀನಿ,” ಅಂದ ಸೆತ್ತಿಮಿಯೊ.

“ನನ್ನ ಸಾಸ್ ತಳ ಹಿಡೀತಿದೆ,” ಎಂದು ಕ್ರೋಚಿಫಿಸ್ಸಾ ಎದ್ದಳು. “ಲೊರೆದಾನಾ, ಬಾ, ಕಾಫಿಗೆ ಇಡು.” ಸಾಸಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಒಂದು ಗಂಟೆಯಾಗಿತ್ತು.

ಅಂಚೆಯವಳಿಲ್ಲದೆ ಇಬ್ಬರೂ ಪರದೆ ನೋಡುತ್ತಾ ಕೂತರು. ಸೆತ್ತಿಮಿಯೊನ ಮನುಷ್ಯ ಬಾಗಿಲು ತಳ್ಳಿದ. ಒಳಗೆ ಕುರ್ಚಿ, ಮಲಗಿದ ದೊಡ್ಡ ಮನುಷ್ಯ, ಟವೆಲು, ಕನ್ನಡಿಯ ಮೇಲೆ ಹಬೆ. ಬಿಳಿ ಕೋಟಿನ ಆ ಬೆನ್ನು. ಸೆತ್ತಿಮಿಯೊ ಕಾಲಿನ ಗುಬಟನ್ನು ನಿಧಾನವಾಗಿ ಒತ್ತಿದ. ಕುರ್ಚಿಯ ಆಚೆಗೆ, ಕನ್ನಡಿಯ ಕಡೆಗೆ ಸುತ್ತು ಹಾಕಿ ತಿರುಗಿದ.

ಮುಖ ಬಂತು. ಸಪಾಟಾದ ಕೆನ್ನೆ, ಕಪ್ಪು ಮೀಸೆ, ಅಗಲ ಮೂಗು. ಅದು ಸೆತ್ತಿಮಿಯೊ ಅಲ್ಲ, ನುನ್ಸಿಯೊ ಅಲ್ಲ. ರೊಟ್ಟಿಯಂಗಡಿಯಲ್ಲಿ ಕುತ್ತಿಗೆ ಹಿಡಿಸಿಕೊಂಡಿದ್ದನಲ್ಲ, ಶವಪೆಟ್ಟಿಗೆಯ ಅಂಗಡಿಯಲ್ಲಿ ನಿಂತಿದ್ದನಲ್ಲ, ಅದೇ ಮುಖ. ಒಂದೇ ಅಚ್ಚಿನಲ್ಲಿ ತೆಗೆದು ಎಲ್ಲ ಅಂಗಡಿಗೂ ಹಂಚಿದ್ದರು. ಕತ್ತಿಯನ್ನೂ ಮೀನು ಕತ್ತರಿಸುವವನ ಹಾಗೆ ಹಿಡಿದಿದ್ದ. ಸೆತ್ತಿಮಿಯೊನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ತಮ್ಮ ಎದ್ದು ನಿಂತು ಕೂಗಾಡುತ್ತಾನೆ ಎಂದು ಕಾದ.

ನುನ್ಸಿಯೊ ಏಳಲಿಲ್ಲ. ಅವನ ಮುಖ ಪರದೆಯ ಕಡೆಗಿತ್ತು, ಆದರೆ ಕಣ್ಣು ಕಿಟಕಿಯ ಬೆಳಕಿನ ಕಡೆಗಿತ್ತು.

“ಯಾರದು?” ಅಂದ.

ಕೋಣೆಯಲ್ಲಿ ಇನ್ನೊಬ್ಬರಿಲ್ಲ, ಆದ್ದರಿಂದ ಮಾತು ತನಗೇ. ಅದು ಹೊಳೆಯಲು ಸೆತ್ತಿಮಿಯೊನಿಗೆ ಒಂದು ಗಳಿಗೆ ಬೇಕಾಯಿತು. ಟಿ.ವಿ. ಅಷ್ಟು ದೊಡ್ಡದು, ಮುಖ ಪರದೆಯ ತುಂಬ ಇದೆ, ಮತ್ತೆ ಕೇಳುವುದೇಕೆ? ಆಮೇಲೆ ಊರುಗೋಲು ನೋಡಿದ, ಕಿಟಕಿಯ ಕಡೆ ನೆಟ್ಟ ಕಣ್ಣು ನೋಡಿದ. ಸಕ್ಕರೆ ಕಾಯಿಲೆ ಎಂದು ಕೇಳಿದ್ದ, ಕಣ್ಣಿಗೆ ಆಪರೇಷನ್ ಎಂದೂ ಕೇಳಿದ್ದ. ಕೇಳಿ ಸುಮ್ಮನಿದ್ದ. ಚರ್ಚಿನಲ್ಲಿ ಇತ್ತೀಚೆಗೆ ತಮ್ಮ ಕಂಬದ ಕಡೆ ತಿರುಗುತ್ತಿದ್ದುದು ಸಿಟ್ಟಿಗೋ, ಅಥವಾ ಅಣ್ಣ ಯಾವ ಕಡೆ ಇದ್ದಾನೆಂದು ತಿಳಿಯದೆಯೋ?

“ನಿನಗೆ ಕಾಣ್ಸಲ್ವಾ?”

“ಬೆಳಕು ಕಾಣ್ಸುತ್ತೆ. ಹೋದ ಚಳಿಗಾಲದಿಂದ ಅಷ್ಟೇ. ಕ್ರೋಚಿಫಿಸ್ಸಾ ಹೇಳ್ಲಿಲ್ವಾ?”

“ಇಲ್ಲ.”

“ನೀನು ಕೇಳಿರೋಲ್ಲ,” ಅಂದ ನುನ್ಸಿಯೊ. “ಇರ್ಲಿ. ಯಾರದು ಹೇಳು.”

ಸೆತ್ತಿಮಿಯೊ ಪರದೆ ನೋಡಿದ. ಯಾರದೂ ಅಲ್ಲದ ಆ ಮುಖ ಕಣ್ಣು ಮಿಟುಕಿಸಿತು. ನಾನೇ ಅಂದರೆ ಗೆದ್ದಂತೆ, ಕೇಳುವವರೂ ಇಲ್ಲ, ಸುಳ್ಳು ಎನ್ನುವವರೂ ಇಲ್ಲ. ಯಾರೂ ಅಲ್ಲ ಅಂದರೆ ಅದೇ ನಿಜ, ತಮ್ಮ ಊರುಗೋಲು ಹಿಡಿದು ಎದ್ದು ಹೋಗುತ್ತಾನೆ. ಎರಡರಲ್ಲಿ ಯಾವುದು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಮೂರನೆಯದು.

“ನೀನೇ ಕಣೋ,” ಅಂದ. “ನೀನೇ.”

ನುನ್ಸಿಯೊ ಉಸಿರಾಡುವುದು ಕೇಳಿಸುತ್ತಿತ್ತು. “ಸರಿಯಾಗಿ ನೋಡಿದ್ಯಾ?”

“ಎದುರಿಗೇ ಇದೆ. ಅಮ್ಮನ ಮೂಗು. ನಿನ್ನ ಮೀಸೆನೂ ಹಾಗೇ ಇದೆ.”

“ಮೀಸೆ ಇದೆಯಾ?”

“ದಪ್ಪ ಮೀಸೆ.”

ನುನ್ಸಿಯೊ ತನ್ನ ಮೀಸೆ ಸವರಿಕೊಂಡ. ಅಡುಗೆಮನೆಯಲ್ಲಿ ಒಂದು ಚಮಚವೂ ಸದ್ದು ಮಾಡುತ್ತಿರಲಿಲ್ಲ.

“ಆ ದಿನ ನನಗೆ ಮೀಸೆ ಇರ್ಲಿಲ್ಲ,” ಅಂದ. “ಸಿನಿಮಾದೋರು ತೆಗೀಬೇಕು ಅಂದ್ರು. ತೆಗೆದೋನು ನೀನೇ. ಬಲಗಡೆ ಕುರ್ಚೀಲಿ ಕೂರಿಸಿ ನೊರೆ ಹಚ್ಚಿದೆ. ನಾನು ಅಳ್ತಿದ್ದೆ, ನೀನು ಹಾಡು ಹೇಳ್ತಿದ್ದೆ.”

ಸೆತ್ತಿಮಿಯೊನ ಹೆಬ್ಬೆರಳಿಗೆ ಅದು ಮೊದಲು ನೆನಪಾಯಿತು. ತಮ್ಮನ ಮೇಲ್ದುಟಿಯನ್ನು ಎಳೆದು ಹಿಡಿದದ್ದು, ನೊರೆಯ ಕೆಳಗೆ ಮೆತ್ತಗಿನ, ಹುಡುಗನ ಹಾಗಿನ ಚರ್ಮ. ಅರವತ್ತು ಸಲ ಬೆನ್ನು ನೋಡುತ್ತಾ ಇದೊಂದನ್ನು ಮರೆತುಬಿಟ್ಟಿದ್ದ. ಸುಳ್ಳು ಸಿಕ್ಕಿಬಿದ್ದ ನಾಚಿಕೆಗಿಂತ ಈ ಮರೆವಿಗೆ ಅವನಿಗೆ ಹೆಚ್ಚು ನಾಚಿಕೆಯಾಯಿತು. ಕಣ್ಣು ತುಂಬಿತು. ತಮ್ಮನಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ ಆಚೆ ತಿರುಗಿದ.

“ನನಗೆ ಗೊತ್ತಿಲ್ಲ ನುನ್ಸಿಯೊ,” ಅಂದ. “ಅದು ಯಾರ ಬೆನ್ನೋ. ಎಷ್ಟೋ ವರ್ಷದಿಂದ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ.”

“ಕುರ್ಚಿ ಹೊತ್ಕೊಂಡು ಹೋದ್ಯಲ್ಲೋ!”

“ನೀನು ಹೆಸರು ಬರೆಸಿದ್ಯಲ್ಲೋ!”

ಪರದೆಯ ಮೇಲೆ ಕ್ಷೌರಿಕ ಕತ್ತಿ ಮಸೆಯುತ್ತಲೇ ಇದ್ದ. ಮುಂದೇನು ಮಾಡಬೇಕೆಂದು ಅಕ್ಷರಗಳು ಮೂಡಿ ಮೂಡಿ ಅಳಿಸಿಹೋಗುತ್ತಿದ್ದವು. ನುನ್ಸಿಯೊ ಊರುಗೋಲನ್ನು ಮೊಣಕಾಲಿಗೆ ಒರಗಿಸಿ, ಕೈ ಚಾಚಿ, ಅಣ್ಣನ ತೋಳು ತಡಕಿ ಹಿಡಿದುಕೊಂಡ.

“ಈಗಷ್ಟೇ ಒಂದು ಮಾತು ಹೇಳಿದ್ಯಲ್ಲ,” ಅಂದ. “ಸುಳ್ಳು ಅಂತ ಗೊತ್ತು. ಇನ್ನೊಂದ್ಸಲ ಹೇಳು.”

ಸೆತ್ತಿಮಿಯೊ ಗಂಟಲು ಸರಿಮಾಡಿಕೊಂಡು, ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಇಬ್ಬರಿಗೂ ಕೇಳುವಷ್ಟು ಜೋರಾಗಿ ಹೇಳಿದ.

“ನೀನೇ ಕಣೋ. ನೀನೇ.”